ಗಿಣಿ ಓಡಿಸಿದ ಕೈ

ಐವತ್ತರ ದಶಕದ ಕೊನೆಯಲ್ಲಿ ನಾನು ಚಿಂತಾಮಣಿಯಲ್ಲಿ ಟೀಚರಾಗಿದ್ದೆ. ಅಲ್ಲಿನ ಆಫೀಸರುಗಳ ಕ್ಲಬ್ಬಿನಲ್ಲಿ ಟೆನಿಸ್ ಆಡುತ್ತಿದ್ದ ಹೆಂಗಸು ನಾನೊಬ್ಬಳೇ. ಒಂದು ಸಂಜೆ ಊರಿಗೆ ಹೊಸದಾಗಿ ಬಂದಿದ್ದ ಎಂಜಿನಿಯರು ನನ್ನೆದುರು ಆಡಲು ನಿಂತರು. ನಾನು ಸೆರಗು ಸಿಕ್ಕಿಸಿ, ಚೆಂಡು ಮೇಲಕ್ಕೆಸೆದು, "ಹೋಯ್!" ಎಂದು ಕೂಗಿ ಸರ್ವ್ ಮಾಡಿದೆ. ಚೆಂಡು ಅವರನ್ನು ದಾಟಿ ಹೋಯಿತು.

ಅವರಿಗೆ ಸಿಟ್ಟು ಬಂತು. "ಏನಮ್ಮ, ಎದುರಿಗಿರೋರ ಮೇಲೆ ಕೂಗಾಡೋದು ರೂಲ್ಸಿಗೆ ವಿರುದ್ಧ. ನಿಮಗೆ ಆಟ ಕಲಿಸಿದ್ದು ಯಾರು?"

"ಗಿಣಿಗಳು ಸಾರ್," ಎಂದೆ.

ಕೂತಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ. "ಶಿಡ್ಲಘಟ್ಟದ ಹತ್ತಿರ ನಮ್ಮ ಜೋಳದ ಹೊಲದಲ್ಲಿ ಅಟ್ಟಣೆ ಹತ್ತಿ, ಕವಣೆ ಬೀಸಿ ಬೀಸಿ ಗಿಣಿ ಓಡಿಸಿದ ಕೈ ಇದು. ಕೈ ಬೀಸಿದ್ರೆ ಬಾಯಿ ತಾನಾಗೇ ಕೂಗುತ್ತೆ. ಬೇಡಾಂದ್ರೆ ಬಾಯಿ ಮುಚ್ಕೊಂಡೇ ಹೊಡೀತೀನಿ."

ತುಟಿ ಬಿಗಿದುಕೊಂಡು ಹೊಡೆದೆ. ಆ ಚೆಂಡೂ ಅವರನ್ನು ದಾಟಿತು, ಅದರ ಮುಂದಿನದೂ ದಾಟಿತು. ಕೊನೆಗೆ ಎಂಜಿನಿಯರೇ ನೆಟ್ಟಿನ ಹತ್ತಿರ ಬಂದು, ಮೆಲ್ಲಗೆ, "ಕೂಗಿಕೊಂಡೇ ಹೊಡೀರಮ್ಮ, ಬರೋದಾದ್ರೂ ಗೊತ್ತಾಗುತ್ತೆ," ಎಂದರು.

ನಮ್ಮ ಹೊಲದ ಗಿಣಿಗಳು ಮಾತ್ರ ಒಂದು ದಿನವೂ ಹಾಗೆ ಕೇಳಿಕೊಂಡಿರಲಿಲ್ಲ.