ಚಿತ್ರದ ಕೆಳಗಿನ ಚೀಟಿ

ಹಲ್ಲಿನ ಆಸ್ಪತ್ರೆಯ ಬೋರ್ಡಿನಲ್ಲಿ ಒಂದೇ ಒಂದು ಅಕ್ಷರ ಬಿಟ್ಟುಹೋದದ್ದಕ್ಕೆ ಇಡೀ ಪೇಟೆ ಅವನನ್ನು ಹಲ್ಲಿ ಮೇಸ್ತ್ರಿ ಎಂದು ಕರೆಯತೊಡಗಿತು. ಬಿಟ್ಟುಹೋದದ್ದು ‘ನ’. ಕೆಂಪು ಬಣ್ಣದಲ್ಲಿ, ಮೂರಡಿ ಎತ್ತರಕ್ಕೆ ‘ಹಲ್ಲಿ ಆಸ್ಪತ್ರೆ’ ಎಂದು ಬರೆದು, ಏಣಿ ಇಳಿದು, ಎರಡು ಹೆಜ್ಜೆ ಹಿಂದೆ ಸರಿದು, “ಹೇಗಿದೆ ನೋಡಿ ಡಾಕ್ಟ್ರೇ” ಎಂದಿದ್ದ. ಬೆಳಗಿನ ಹನ್ನೊಂದು ಗಂಟೆ. ಆಗಲೇ ಹೊಟ್ಟೆಯಲ್ಲಿ ಅರ್ಧ ಬಾಟಲಿ ಇತ್ತು.

ಬೀದಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಡಾಕ್ಟರು ನಗಲಿಲ್ಲ.

“ಬೋರ್ಡು ಹಾಗಿರಲಿ, ನಿಮ್ಮ ಕೈ ನೋಡ್ಕೊಳ್ಳಿ” ಅಂದರು.

ಕುಂಚ ಹಿಡಿದ ಕೈ ಗಡಗಡ ನಡುಗುತ್ತಿತ್ತು. ಮಧ್ಯಾಹ್ನವೇ ಅವರು ಅವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕುಡಿತ ಬಿಡಿಸುವ ಕೇಂದ್ರಕ್ಕೆ ಬಿಟ್ಟುಬಂದರು. ಮೊದಲ ಸಲ ನಾಲ್ಕೇ ದಿನಕ್ಕೆ ಕಾಂಪೌಂಡು ಹಾರಿ ಓಡಿಬಂದ. ಎರಡನೆಯ ಸಲ ಒಂದು ತಿಂಗಳು ಇದ್ದು ಬಂದು, ಬಂದ ವಾರವೇ ಮತ್ತೆ ಕುಡಿದ. ಮೂರನೆಯ ಸಲ ಯಾರೂ ಕರೆದೊಯ್ಯಲಿಲ್ಲ. ಬಟ್ಟೆಯ ಗಂಟು ಹಿಡಿದು ತಾನೇ ನಡೆದುಕೊಂಡು ಹೋದ. ಆಮೇಲೆ ಕುಡಿಯಲಿಲ್ಲ.

ಕೇಂದ್ರದಲ್ಲಿ ಬುಧವಾರ ಬುಧವಾರ ಒಂದು ಕೋಣೆಯಲ್ಲಿ ಚಿತ್ರ ಬರೆಯಿಸುತ್ತಿದ್ದರು. ಅದನ್ನು ನಡೆಸುತ್ತಿದ್ದ ಸಲಹೆಗಾರ್ತಿಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಕುಡಿತದವರಷ್ಟೇ ಅಲ್ಲ, ಮನಸ್ಸಿನ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರೂ ಬರುತ್ತಿದ್ದರು.

“ನಾನು ಕಲಾವಿದ ಅಲ್ಲ ಮೇಡಂ, ಬೋರ್ಡ್ ಬರೆಯೋನು” ಅಂದ ಮೇಸ್ತ್ರಿ.

“ಬೋರ್ಡೇ ಬರೀರಿ. ಯಾರೂ ಆರ್ಡರ್ ಕೊಡದೇ ಇರೋ ಬೋರ್ಡು.”

ಎರಡು ಬುಧವಾರ ಸುಮ್ಮನೆ ಕೂತ. ಮೂರನೆಯ ವಾರ ಒಂದು ಬೋಳುತಲೆ ಬರೆದ, ಮೇಲಿನಿಂದ ಕಾಣುವ ಹಾಗೆ. ಇಪ್ಪತ್ತೆಂಟು ವರ್ಷ ಏಣಿಯ ಮೇಲೆ ಬದುಕಿದವನಿಗೆ ಜನರ ಮುಖಕ್ಕಿಂತ ನೆತ್ತಿಯೇ ಹೆಚ್ಚು ಪರಿಚಯ. ಸುಳಿಗಳು, ಬೈತಲೆಗಳು, ಟೋಪಿಗಳು, ಬುಟ್ಟಿ ಹೊತ್ತವರು. ಆರು ತಿಂಗಳಲ್ಲಿ ಇಡೀ ಪೇಟೆ ಕಾಗದದ ಮೇಲೆ ಇಳಿಯಿತು. ಕೈಯೂ ನಿಧಾನಕ್ಕೆ ಹದಕ್ಕೆ ಬಂತು.

ಲೈಬ್ರರಿಯ ಓದುವ ಹಾಲಿನಲ್ಲಿ ಪ್ರದರ್ಶನ ಎಂದು ಗೊತ್ತಾಯಿತು. ಹತ್ತೊಂಬತ್ತು ಜನ, ನಲವತ್ತೊಂದು ಚಿತ್ರ. ಮೊಳೆ, ದಾರ, ಮಟ್ಟಗೋಲು ಎಂದಮೇಲೆ ಮೇಸ್ತ್ರಿಯನ್ನು ಬಿಟ್ಟರೆ ಇನ್ಯಾರು? ಒಂದೇ ದಿನದಲ್ಲಿ ಎಲ್ಲವನ್ನೂ ನೋಡುವವರ ಕಣ್ಣಿನ ಮಟ್ಟಕ್ಕೆ ತೂಗುಹಾಕಿದ. ಸಂಜೆ ಲೈಬ್ರರಿ ಸಮಿತಿಯ ಕಾರ್ಯದರ್ಶಿ ಬಂದರು. ನಿವೃತ್ತ ಹೆಡ್‌ಮಾಸ್ಟರು, ಒಳ್ಳೆಯ ಮನುಷ್ಯರೇ. ಚಿತ್ರಗಳ ಕೆಳಗೆ ಅಂಟಿಸುವ ಚೀಟಿಗಳಲ್ಲಿ ಬರೆಯಬೇಕಾದ ಪಟ್ಟಿಯನ್ನು ಅವನ ಕೈಗಿತ್ತರು. ಪ್ರತಿ ಹೆಸರಿನ ಮುಂದೆ ಒಂದು ಕಾಯಿಲೆ, ಅದು ಎಷ್ಟು ವರ್ಷದ್ದು ಎಂಬ ಲೆಕ್ಕ. ಅವನ ಹೆಸರಿನ ಮುಂದೆ: ‘ಮದ್ಯವ್ಯಸನ, ಇಪ್ಪತ್ತು ವರ್ಷ’.

ಮೇಸ್ತ್ರಿ ಪಟ್ಟಿಯನ್ನು ಮಡಿಸಿ ವಾಪಸು ಕೊಟ್ಟ. “ಇದನ್ನ ನಾನು ಬರೆಯಲ್ಲ ಸಾರ್.”

“ಯಾಕ್ರೀ? ಓದಿದ್ರೆ ತಾನೇ ಜನಕ್ಕೆ ಅಯ್ಯೋ ಅನಿಸೋದು?”

“ಅಯ್ಯೋ ಅನ್ನಿಸ್ಕೊಳ್ಳೋಕೆ ಯಾರೂ ಇಲ್ಲಿ ಚಿತ್ರ ತಂದಿಲ್ಲ. ಮಾಲೀಕರನ್ನ ಕೇಳದೆ ಒಂದು ಗೂಡಂಗಡಿಗೂ ನಾನು ಬೋರ್ಡ್ ಬರೆದಿಲ್ಲ. ಇವರನ್ನ ಯಾರು ಕೇಳಿದ್ರು?”

ಕಾರ್ಯದರ್ಶಿ ಪಕ್ಕದಲ್ಲೇ ನಿಂತಿದ್ದ ಮೇಡಂ ಕಡೆ ನೋಡಿದರು. ಮೇಡಂ ಮುಖ ಕೆಂಪಾಗಿತ್ತು. “ನಾನೂ ಕೇಳಲಿಲ್ಲ, ತಪ್ಪಾಯ್ತು” ಅಂದರು.

“ನಾಡಿದ್ದು ಬೆಳಿಗ್ಗೆ ಬಾಗಿಲು ತೆಗೀಬೇಕಲ್ಲಪ್ಪ!” ಅಂದರು ಕಾರ್ಯದರ್ಶಿ.

“ನಾಳೆ ಸಂಜೆಯೊಳಗೆ ಎಲ್ಲರನ್ನೂ ಕೇಳ್ತೀನಿ. ಬಿಡಿ ನನಗೆ.”

ಮರುದಿನ ಸೈಕಲ್ ಹತ್ತಿ ಮನೆ ಮನೆ ಅಲೆದ. ಗಾಬರಿಯ ಕಾಯಿಲೆಯಿಂದ ಕೆಲಸ ಬಿಟ್ಟಿದ್ದ ಬಸ್ ಡ್ರೈವರು ಖಾಲಿ ಸೀಟುಗಳನ್ನಷ್ಟೇ ಬರೆದಿದ್ದ. “‘ಕೊನೇ ಸ್ಟಾಪು’ ಅಂತ ಹಾಕಪ್ಪ, ಸಾಕು” ಅಂದ. ಒಬ್ಬಳು ಕಾಲೇಜು ಹುಡುಗಿ ಹೆಸರೂ ಬೇಡ ಎಂದಳು. ಹೀಗೇ ಎಲ್ಲರೂ ಕಾಯಿಲೆಯ ಮಾತು ಬೇಡವೆನ್ನುತ್ತಾರೆ ಎಂದುಕೊಂಡೇ ಮೇಸ್ತ್ರಿ ಟೈಲರ್ ಅಕ್ಕನ ಮನೆಗೆ ಹೋದ. ಆಕೆ ಹೊಲಿಗೆ ಯಂತ್ರ ನಿಲ್ಲಿಸಲೂ ಇಲ್ಲ.

“ನಂದಕ್ಕೆ ಬರಿ. ಸ್ಕಿಜೋಫ್ರೇನಿಯಾ. ದಪ್ಪಕ್ಷರದಲ್ಲಿ.”

“ಅಕ್ಕಾ, ನಿಜವಾಗ್ಲೂ?”

“ಹದಿನಾಲ್ಕು ವರ್ಷದಿಂದ ಮನೆಯವರು ಬಂದೋರಿಗೆಲ್ಲ ‘ಅವಳಿಗೆ ತಲೆನೋವು’ ಅಂತಾರೆ. ಹಾಳಾದ್ದನ್ನ ಒಂದ್ಸಲ ಸರಿಯಾದ ಹೆಸರಲ್ಲಿ ಕರೆಯೋಣ.”

ಚಿನ್ನದಂಗಡಿಯ ಬೋರ್ಡಿಗೆ ಹಾಕುವಷ್ಟು ಮುತುವರ್ಜಿಯಿಂದ ಅದನ್ನು ಬರೆದ. ಒತ್ತು, ದೀರ್ಘ ಯಾವುದೂ ತಪ್ಪಬಾರದೆಂದು ನಾಲ್ಕು ಸಲ ಓದಿದ. ತನ್ನ ಚೀಟಿಯಲ್ಲಿ ‘ಮೇಲಿನಿಂದ ಕಂಡ ಪೇಟೆ’ ಎಂದು ಬರೆದು, ಸ್ವಲ್ಪ ಯೋಚಿಸಿ, ‘ಬರೆದವನು ಈಗ ಕುಡಿಯುವುದಿಲ್ಲ’ ಎಂದು ಸೇರಿಸಿದ.

ಪ್ರದರ್ಶನದ ದಿನ ಕಾಲಿಡಲು ಜಾಗವಿರಲಿಲ್ಲ. ಮಧ್ಯಾಹ್ನ ಹೆಂಡತಿ ಬಂದಳು. ಒಂದೊಂದೇ ನೆತ್ತಿ ನೋಡುತ್ತ ಬಂದವಳು ಮೂಲೆಯ ಚಿತ್ರದ ಮುಂದೆ ನಿಂತಳು. ಒಂದು ಬೈತಲೆ, ಒಂದು ಊಟದ ಡಬ್ಬಿ, ಏಣಿಯ ಕಾಲು.

“ಇದು ನಾನಾ?”

“ಹೂಂ.”

“ನನ್ನ ಬೈತಲೆ ಇಷ್ಟು ಸೊಟ್ಟಗಿದೆಯಾ?”

“ಮೇಲಿಂದ ಹಾಗೆ ಕಾಣ್ತಿತ್ತು.”

“ಸೊಟ್ಟಗಿದ್ದಿದ್ದು ನೀವು” ಎಂದು ನಕ್ಕಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡಳು. “ಡಬ್ಬಿ ಇಟ್ಟು ತಲೆ ಎತ್ತದೆ ಹೋಗಿಬಿಡ್ತಿದ್ದೆ. ನಿಮ್ಮ ಮುಖ ನೋಡಿದ್ರೆ ಅಳು ಬರ್ತಿತ್ತು.”

“ಗೊತ್ತು. ಅದಕ್ಕೇ ನಿನ್ನ ನೆತ್ತಿ ಇಷ್ಟು ಚೆನ್ನಾಗಿ ನೆನಪಿರೋದು.”

ಅತ್ತ ಕಾರ್ಯದರ್ಶಿ ಟೈಲರ್ ಅಕ್ಕನ ಚಿತ್ರದ ಮುಂದೆ ನಿಂತು, ಆ ನೀಲಿ ಬಣ್ಣ ಹೇಗೆ ಬಂತೆಂದು ಕೇಳುತ್ತಿದ್ದರು. ಆಕೆ ಬೆರಳು ಮಡಿಸಿ ಮಡಿಸಿ ವಿವರಿಸುತ್ತಿದ್ದಳು.

ಮೂರು ದಿನದ ಪ್ರದರ್ಶನ ಹತ್ತು ದಿನ ನಡೆಯಿತು. ನೋಡಲು ಬಂದವರಲ್ಲಿ ಏಳು ಜನ ಮೇಡಂ ಹತ್ತಿರ ಹೋಗಿ ಬುಧವಾರದ ಕೋಣೆ ಎಲ್ಲಿ ಎಂದು ಮೆಲ್ಲಗೆ ವಿಚಾರಿಸಿದರು.

“ಮುಂದಿನ ವರ್ಷ ಆ ಗೋಡೆನೂ ಬೇಕಾಗುತ್ತೆ ಸಾರ್” ಎಂದು ಮೇಸ್ತ್ರಿ ಕಪಾಟಿನ ಹಿಂದಿನ ಜಾಗವನ್ನು ಟೇಪಿನಿಂದ ಅಳೆದ. ಕಾರ್ಯದರ್ಶಿ ಅಂಗಿಯ ತೋಳು ಮಡಿಸಿ, ಟೇಪಿನ ಇನ್ನೊಂದು ತುದಿ ಹಿಡಿದರು.