ಆರನೆಯ ದಿನದ ತಲೆ ಎಣಿಕೆ

ನಮ್ಮ ಪುಟ್ಟ ಸರಕಾರಿ ಹೈಸ್ಕೂಲು ತಿರುವನಂತಪುರದ ಚಾಲೈ ಪೇಟೆಯ ಹಿಂದಿತ್ತು. ಎಪ್ಪತ್ತರ ದಶಕದ ಆರಂಭದಲ್ಲಿ ಕಾಸರಗೋಡಿನಿಂದ ವರ್ಗವಾಗಿ ಹೋದ ನನಗೆ, ಪಾಠದ ಜೊತೆಗೆ ದಾಖಲಾತಿ ಪುಸ್ತಕ ಬರೆಯುವ ಕೆಲಸವೂ ಇತ್ತು. ತಂದೆಯ ಉದ್ಯೋಗ ಎಂಬಲ್ಲಿ ಮೂಟೆ ಹೊರುವುದು, ಮೀನು ಮಾರುವುದು, ಇಷ್ಟೇ. ಗುಮಾಸ್ತರ ಮಕ್ಕಳು ವರ್ಷ ವರ್ಷವೂ ಟಿ.ಸಿ. ತೆಗೆದುಕೊಂಡು ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದರು. ಆ ಅಪ್ಪಂದಿರನ್ನು ನಾನು ಸ್ಟಾಫ್ ರೂಮಿನಲ್ಲಿ ಕುಳಿತು ಬಾಯ್ತುಂಬ ಬೈಯುತ್ತಿದ್ದೆ.

ಜೂನಿನಲ್ಲಿ ಶಾಲೆ ತೆರೆದ ಆರನೆಯ ದಿನ ಇಲಾಖೆಯವರು ಬಂದು ತಲೆ ಎಣಿಸುತ್ತಿದ್ದರು. ಮಕ್ಕಳು ಸಾಲದಿದ್ದರೆ ಒಂದು ಡಿವಿಷನ್ ಹೋಯಿತು, ಅದರ ಹಿಂದೆಯೇ ಒಬ್ಬರ ಕೆಲಸವೂ ಹೋಯಿತು. ಆ ವರ್ಷ ಹೋಗಬೇಕಾದವಳು ಇನ್ನೂ ಕಾಯಂ ಆಗದ ಗಣಿತದ ಟೀಚರ್. ಎರ್ನಾಕುಲಂನ ಅವಳ ಮನೆ ಅವಳೊಬ್ಬಳ ದುಡಿಮೆಯ ಮೇಲೆ ನಿಂತಿತ್ತು. ರಜೆಯಿಡೀ ನಾವಿಬ್ಬರೂ ಮನೆ ಮನೆ ತಿರುಗಿ, ಎಂಟನೇ ತರಗತಿಗೆ ಮಕ್ಕಳನ್ನು ಕಳಿಸಿ ಎಂದು ಅಂಗಲಾಚಿದೆವು.

ಐದನೆಯ ದಿನವೂ ಒಂದು ತಲೆ ಕಡಿಮೆಯಿತ್ತು. ಸಂಜೆ ನಾನೊಬ್ಬನೇ ಹೋದ ಮನೆಯಲ್ಲಿ ಮೀನು ಮಾರುವ ಹೆಂಗಸು ಕೇಳಿದಳು: “ಸಾರಿನ ಮಗಳು ಎಲ್ಲಿ ಓದೋದು ಸಾರೇ?”

“ಕಾನ್ವೆಂಟಿನಲ್ಲಿ,” ಎಂದೆ.

“ಹಾಗಾದ್ರೆ ನನ್ನ ಮಗಳನ್ನೂ ಅಲ್ಲಿಗೇ ಸೇರಿಸಿ ಕೊಡಿ ಸಾರೇ.”

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟುಬಂದೆ.

ನನ್ನ ಮಗಳೂ ಆ ವರ್ಷ ಎಂಟನೇ ತರಗತಿ. ಅವಳನ್ನು ನಮ್ಮ ಶಾಲೆಗೆ ತಂದಿದ್ದರೆ ಎಣಿಕೆ ಸರಿಹೋಗುತ್ತಿತ್ತು. ಆ ರಾತ್ರಿ ಮನೆಯಲ್ಲಿ ಮಾತು ತೆಗೆದೆ.

“ಎಂತ ಹೇಳ್ತೀರಿ ಮಾರಾಯ್ರೆ?” ಎಂದಳು ಹೆಂಡತಿ. “ಅಲ್ಲಿ ಕೂತ್ರೆ ಅವಳ ಇಂಗ್ಲಿಷ್ ಎಂತ ಆಗ್ಬೇಕು?”

ಮಗಳು ಮಲಯಾಳದಲ್ಲಿ “ವೇಂಡ ಅಚ್ಛಾ”, ಬೇಡ ಅಪ್ಪಾ, ಎಂದು ಅತ್ತಳು. ತಪ್ಪನ್ನು ಹೆಂಡತಿಯ ತಲೆಗೆ ಕಟ್ಟಲಾರೆ. ಇಬ್ಬರೂ ಬೇಡವೆಂದಾಗ ನನಗೆ ಒಳಗೊಳಗೇ ನಿರಾಳವಾಯಿತು. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ. ಇಷ್ಟು ವರ್ಷಗಳ ಮೇಲೂ ಆ ನಿರಾಳವನ್ನು ನೆನೆದರೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಮರುದಿನ ಎಣಿಕೆ ಮುಗಿಯಿತು. ಎಂಟನೆಯ ಎರಡು ಡಿವಿಷನ್‌ಗಳನ್ನು ಒಂದೇ ಕೋಣೆಗೆ ತುಂಬಿದರು. ಎರ್ನಾಕುಲಂನ ಬಸ್ಸು ಹಿಡಿಯುವ ಮೊದಲು ಟೀಚರ್ ನನ್ನನ್ನು ಹುಡುಕಿಕೊಂಡು ಬಂದಳು. ನನಗೊಬ್ಬಳು ಮಗಳಿದ್ದಾಳೆ ಎಂಬುದಷ್ಟೇ ಅವಳಿಗೆ ಗೊತ್ತಿತ್ತು, ಯಾವ ತರಗತಿ ಎಂದು ಗೊತ್ತಿರಲಿಲ್ಲ.

“ನನಗೋಸ್ಕರ ಸಾರ್ ಎಷ್ಟು ಬಿಸಿಲಲ್ಲಿ ಅಲೆದ್ರಿ,” ಎಂದು ಕೈಮುಗಿದಳು. “ಸಾಯೋತನಕ ಮರೆಯಲ್ಲ.”

“ನಮ್ಮ ಕೈಲಾದದ್ದೆಲ್ಲ ಮಾಡಿದೆವಲ್ಲ ಟೀಚರೇ,” ಎಂದೆ.