ಪಕ್ಕದ ಬಾಗಿಲಿನ ಬೀಗ

ನಮ್ಮ ಚರ್ಚಿನಲ್ಲಿ ಗಂಟೆ ಹೊಡೆಯುವವನ ಬಾಯಲ್ಲಿ ತಪ್ಪೊಪ್ಪಿಗೆ ಎಂಬುದೇ ಇಲ್ಲ. ಗಂಟೆ ತಡವಾಗಲಿ, ಮೇಣದಬತ್ತಿ ಉರುಳಿ ಪೀಠದ ಬಟ್ಟೆ ಸುಡಲಿ, ಕಣ್ಣು ಮೇಲೆತ್ತಿ "ಎಲ್ಲಾ ದೇವರ ಚಿತ್ತ" ಅಂದುಬಿಡುತ್ತಾನೆ. "ಹಾಗಾದ್ರೆ ಮನುಷ್ಯನಿಗೆ ಸ್ವಂತ ಬುದ್ಧಿ ಯಾಕಯ್ಯಾ ಕೊಟ್ಟ?" ಎಂದು ಪಾದ್ರಿಗಳು ರೇಗಿದರೆ, "ನನ್ನನ್ನ ಬಯ್ಯೋಕೆ ನಿಮಗೆ ಕೊಟ್ಟಿದ್ದಾನಲ್ಲ, ಫಾದರ್" ಎನ್ನುತ್ತಾನೆ. ಮಗಳು ಜಗಳವಾಡಿ ಮನೆ ಬಿಟ್ಟಂದಿನಿಂದ ಚರ್ಚಿನ ಪಕ್ಕದ ಬಾಗಿಲಿಗೆ ಬೀಗ ಹಾಕುವುದನ್ನೂ ಮರೆಯತೊಡಗಿದ. ಗದರಿದರೆ ಮತ್ತೆ ಅದೇ ಚಿತ್ತ. ಮೊನ್ನೆ ಬೆಳಿಗ್ಗೆ ನೋಡಿದರೆ, ಅದೇ ಬಾಗಿಲಿನಿಂದ ಬಂದ ಮಗಳು ಬೆಂಚಿನ ಮೇಲೆ ಮುದುಡಿ ಮಲಗಿದ್ದಾಳೆ! "ಇದೂ ದೇವರ ಚಿತ್ತಾನೇನಯ್ಯಾ?" ಎಂದರು ಪಾದ್ರಿಗಳು. ಅವಳಿಗೆ ತನ್ನ ಕೋಟು ಹೊದಿಸುತ್ತಾ ಅವನು ನಿರಾಳವಾಗಿ ಉಸಿರುಬಿಟ್ಟ: "ಆತನ ಚಿತ್ತ ಇದ್ದೇ ಇತ್ತು. ಇವಳೂ ಮನಸ್ಸು ಮಾಡಿದ್ಳು. ಬೀಗ ಮಾತ್ರ ನಾನೇ ಬೇಕಂತ ಹಾಕ್ತಿರಲಿಲ್ಲ, ಫಾದರ್."